ಲೊಕೇಶನ್ ಸರಿ, ದಾರಿ ಯಾವುದು?

ಹೊನ್ನಾಳಿ ಸೀಮೆಯಲ್ಲಿ ಭತ್ತ ಕೊಯ್ಯುವ ಯಂತ್ರಕ್ಕೆ ಫೋನ್ ಮಾಡಿದರೆ, ಎಷ್ಟು ಎಕರೆ ಎಂದು ಕೇಳುವುದಕ್ಕೂ ಮೊದಲು ಆ ಕಡೆಯವರು "ಲೊಕೇಶನ್ ಹಾಕ್ರಿ" ಅನ್ನುತ್ತಾರೆ. ಜಗಳೂರು ಕಡೆಯ ಬೋರ್‌ವೆಲ್ ಲಾರಿಯವರದ್ದೂ ಅದೇ ಮಾತು, ಚನ್ನಗಿರಿಗೆ ಅಡಿಕೆ ತೋಟ ಖೇಣಿ ಹಿಡಿಯಲು ಬರುವವರದ್ದೂ ಅದೇ ಮಾತು. ಮದುವೆ ಕರೆಯೋಲೆಯಲ್ಲಿ ಸುಖಾಗಮನ ಬಯಸುವವರ ಹೆಸರುಗಳ ಕೆಳಗೆ ಈಗ ಒಂದು ಕ್ಯೂಆರ್ ಚೌಕ ಇರುತ್ತದೆ. ಅದಕ್ಕೆ ಫೋನ್ ಹಿಡಿದರೆ ಸಮುದಾಯ ಭವನದ ಬಾಗಿಲಿನವರೆಗೂ ದಾರಿ ಬಿಚ್ಚಿಕೊಳ್ಳುತ್ತದೆ. ಬಸ್ ಸ್ಟ್ಯಾಂಡಿನ ಪಕ್ಕದ ಬೀಡಾ ಅಂಗಡಿಯವರನ್ನು ದಾರಿ ಕೇಳುವವರು ಕಡಿಮೆಯಾಗಿದ್ದಾರೆ.

ಸರ್ಕಾರವೂ ಹಿಂದೆ ಬಿದ್ದಿಲ್ಲ. ವಸತಿ ಯೋಜನೆಯಲ್ಲಿ ಮನೆ ಕಟ್ಟುವವರಿಗೆ ತಳಪಾಯ, ಲಿಂಟಲ್, ಛಾವಣಿ ಎಂದು ಹಂತ ಹಂತಕ್ಕೂ ಜಾಗದ ಗುರುತು ಇರುವ ಫೋಟೊ ಬೇಕು. ಅದಾಗದೆ ಕಂತು ಬಿಡುಗಡೆಯಾಗುವುದಿಲ್ಲ. "ಜಿಪಿಎಸ್ ಆಯ್ತೇನಪ್ಪ?" ಎಂದು ಪಂಚಾಯ್ತಿ ಕಟ್ಟೆಯ ಮೇಲೆ ಕೇಳಿದರೆ ಅದರರ್ಥ ಇದೇ. ನರೇಗಾ ಕೂಲಿಕಾರರ ಹಾಜರಿಗೆ 2023ರ ಜನವರಿ 1ರಿಂದ ಕೆಲಸದ ಸ್ಥಳದಲ್ಲೇ ದಿನಕ್ಕೆ ಎರಡು ಸಲ ಫೋಟೊ ತೆಗೆಯುವುದು ಕಡ್ಡಾಯವಾಯಿತು. ಬೆಳೆ ಸಮೀಕ್ಷೆಯನ್ನು ರೈತರೇ ತಮ್ಮ ಫೋನಿನಲ್ಲಿ ಮಾಡಿಕೊಳ್ಳುವ ವ್ಯವಸ್ಥೆ 2020ರ ಮುಂಗಾರಿನಲ್ಲಿ ಬಂತು. ಒಟ್ಟಿನಲ್ಲಿ, ಫೋನಿಗೆ ನಾವೆಲ್ಲಿದ್ದೇವೆ ಎಂದು ಗೊತ್ತಿಲ್ಲದಿದ್ದರೆ ನಮ್ಮ ಕೆಲವು ಕೆಲಸಗಳು ನಡೆಯುವುದೇ ಇಲ್ಲ ಎಂಬಲ್ಲಿಗೆ ಬಂದಿದ್ದೇವೆ.

ಇಷ್ಟು ನೆಚ್ಚಿಕೊಂಡ ಮೇಲೆ ಒಂದು ವಿಷಯ ತಿಳಿದಿರಬೇಕು. ಫೋನು ಎರಡು ಬೇರೆ ಬೇರೆ ಪ್ರಶ್ನೆಗಳಿಗೆ ಉತ್ತರ ಹೇಳುತ್ತದೆ: ನಾನು ಎಲ್ಲಿದ್ದೇನೆ? ಅಲ್ಲಿಗೆ ಹೇಗೆ ಹೋಗಲಿ? ಮೊದಲನೆಯದಕ್ಕೆ ಉಪಗ್ರಹಗಳ ಲೆಕ್ಕಾಚಾರದಿಂದ ಬರುವ ಉತ್ತರ ಬಹುಮಟ್ಟಿಗೆ ನಂಬಬಹುದಾದದ್ದು. ಎರಡನೆಯದಕ್ಕೆ ಉತ್ತರ ಬರುವುದು ಯಾರೋ, ಯಾವಾಗಲೋ ಸೇರಿಸಿಟ್ಟ ರಸ್ತೆಯ ಮಾಹಿತಿಯಿಂದ. ಅದನ್ನು ವಿಚಾರಿಸದೆ ನಂಬುವಂತಿಲ್ಲ.

ಈ ವ್ಯತ್ಯಾಸ ಎಷ್ಟು ದೊಡ್ಡದು ಎಂಬುದಕ್ಕೆ ಕಾಸರಗೋಡಿನ ಒಂದು ಪ್ರಸಂಗ ಸಾಕು. 2024ರ ಜೂನ್ ಕೊನೆಯ ವಾರದ ಒಂದು ಬೆಳಗಿನ ಜಾವ ಇಬ್ಬರು ಯುವಕರು ಕರ್ನಾಟಕದ ಆಸ್ಪತ್ರೆಯೊಂದಕ್ಕೆ ಕಾರಿನಲ್ಲಿ ಹೊರಟಿದ್ದರು. ಗೂಗಲ್ ಮ್ಯಾಪ್ ಪಳ್ಳಂಜಿಯ ಬಳಿ ಕಿರಿದಾದ ದಾರಿ ತೋರಿಸಿತು. ಮುಂದೆ ನೀರು ಕಂಡರೂ ಅಲ್ಲಿ ತುಂಬಿ ಹರಿಯುವ ಹೊಳೆಯಿದೆ, ಅದರ ಮೇಲೆ ತಡೆಗೋಡೆಯಿಲ್ಲದ ಸೇತುವೆಯಿದೆ ಎಂಬುದು ಹೆಡ್‌ಲೈಟ್ ಬೆಳಕಿನಲ್ಲಿ ಗೊತ್ತಾಗಲಿಲ್ಲ. ಕಾರು ಕೊಚ್ಚಿಕೊಂಡು ಹೋಗಿ ಮರಕ್ಕೆ ಸಿಕ್ಕಿಕೊಂಡಿತು. ಕಿಟಕಿಯಿಂದ ಹೊರಬಂದು ಮರ ಹಿಡಿದುಕೊಂಡ ಅವರು ಅಗ್ನಿಶಾಮಕ ದಳವನ್ನು ಸಂಪರ್ಕಿಸಿ ತಾವಿರುವ ಜಾಗ ತಿಳಿಸಿದರು. ದಳದವರು ಹಗ್ಗ ಬಳಸಿ ಇಬ್ಬರನ್ನೂ ದಡ ಸೇರಿಸಿದರು. ದಾರಿ ತಪ್ಪಿಸಿದ್ದು ಫೋನು, ಸಹಾಯ ಕರೆಸಿದ್ದೂ ಫೋನು.

ಆಕಾಶದಿಂದ ಬರುವುದು ಎಷ್ಟು?

ಅಮೆರಿಕದ ಜಿಪಿಎಸ್ ಉಪಗ್ರಹಗಳು ಭೂಮಿಯಿಂದ ಸುಮಾರು 20,200 ಕಿ.ಮೀ. ಎತ್ತರದಲ್ಲಿ ಸುತ್ತುತ್ತಿವೆ. ಪ್ರತಿಯೊಂದೂ "ನಾನು ಇಲ್ಲಿದ್ದೇನೆ, ಈಗ ಇಷ್ಟು ಗಂಟೆ" ಎಂದು ಸಾರುತ್ತಲೇ ಇರುತ್ತದೆ. ಆ ಸಂಕೇತ ಬಂದು ಮುಟ್ಟಲು ಹಿಡಿದ ಸಮಯದಿಂದ ಫೋನು ದೂರ ಲೆಕ್ಕ ಹಾಕುತ್ತದೆ. ಕನಿಷ್ಠ ನಾಲ್ಕು ಉಪಗ್ರಹ ಸಿಕ್ಕರೆ ಜಾಗದ ಗುರುತು ಸಿಗುತ್ತದೆ. ನಮ್ಮದೇ ನಾವಿಕ್ ವ್ಯವಸ್ಥೆಯ ಮೊದಲ ಉಪಗ್ರಹ 2013ರ ಜುಲೈನಲ್ಲಿ ಹಾರಿತು. ಅದರ ನ್ಯಾವಿಗೇಶನ್ ಕೇಂದ್ರ ಇರುವುದು ಬೆಂಗಳೂರಿನ ಹೊರವಲಯದ ಬ್ಯಾಲಾಳಿನಲ್ಲಿ. ಹೊಸ ಫೋನುಗಳಲ್ಲಿ ಹಲವು ಈ ಎರಡನ್ನೂ, ಜತೆಗೆ ರಷ್ಯಾ, ಯುರೋಪು, ಚೀನಾದ ಉಪಗ್ರಹಗಳನ್ನೂ ಬಳಸಿಕೊಳ್ಳುತ್ತವೆ.

ಇದರಲ್ಲಿ ಓದುಗರಿಗೆ ಉಪಯೋಗಕ್ಕೆ ಬರುವ ಸಂಗತಿ ಎಂದರೆ, ಈ ಕೆಲಸಕ್ಕೆ ನೆಟ್‌ವರ್ಕ್ ಬೇಕಿಲ್ಲ, ಡೇಟಾ ಬೇಕಿಲ್ಲ, ಸಿಮ್ ಕೂಡ ಬೇಕಿಲ್ಲ. ಫೋನು ಸಂಕೇತವನ್ನು ಕೇಳಿಸಿಕೊಳ್ಳುತ್ತದೆ, ಅಷ್ಟೇ. ಉಪಗ್ರಹಕ್ಕೆ ಏನನ್ನೂ ಕಳಿಸುವುದಿಲ್ಲ. ಜಗಳೂರಿನ ರಂಗಯ್ಯನದುರ್ಗದ ಕೊಂಡುಕುರಿ ಅಭಯಾರಣ್ಯದ ಅಂಚಿನಲ್ಲಿ ಟವರ್ ಸಿಗದಿದ್ದರೂ ನೀವೆಲ್ಲಿದ್ದೀರಿ ಎಂಬುದು ಫೋನಿಗೆ ತಿಳಿಯುತ್ತದೆ. ನೆಟ್ ಇದ್ದರೆ ಟವರ್‌ನ ಸಹಾಯದಿಂದ ಬೇಗ ತಿಳಿಯುತ್ತದೆ, ಇಲ್ಲದಿದ್ದರೆ ಬಯಲಲ್ಲಿ ಒಂದೆರಡು ನಿಮಿಷ ಕಾಯಬೇಕಾಗಬಹುದು. ನೆಟ್ ಇಲ್ಲದಾಗ ಸಿಗದೇ ಹೋಗುವುದು ಪರದೆಯ ಮೇಲಿನ ನಕ್ಷೆ.

ನಿಖರತೆಯ ವಿಷಯಕ್ಕೆ ಬಂದರೆ, ತೆರೆದ ಆಕಾಶದ ಕೆಳಗೆ ಒಳ್ಳೆಯ ಫೋನು ಐದು ಮೀಟರ್ ಆಚೀಚೆ ತೋರಿಸುತ್ತದೆ. ಜಗಳೂರಿನ ಬಯಲಲ್ಲಿ, ಮೆಕ್ಕೆಜೋಳದ ಹೊಲದಲ್ಲಿ ಇದು ಸಲೀಸು. ಚನ್ನಗಿರಿಯ ಅಡಿಕೆ ತೋಟದ ನಡುವೆ ಕಥೆಯೇ ಬೇರೆ. ಸೋಗೆ ಒತ್ತಾಗಿ ಹರಡಿದ ಕಡೆ ಸಂಕೇತ ಸೊರಗುತ್ತದೆ, ಗುರುತು ಹದಿನೈದು ಇಪ್ಪತ್ತು ಮೀಟರ್ ಅತ್ತಿತ್ತ ಹೊಯ್ದಾಡುತ್ತದೆ. ಗೂಗಲ್ ಮ್ಯಾಪಿನಲ್ಲಿ ನೀಲಿ ಚುಕ್ಕಿಯ ಸುತ್ತ ಒಂದು ಮಸುಕು ವೃತ್ತ ಇರುತ್ತದಲ್ಲ, ಅದು ಅಲಂಕಾರಕ್ಕೆ ಇಟ್ಟದ್ದಲ್ಲ. ನೀವು ಆ ವೃತ್ತದೊಳಗೆ ಎಲ್ಲಾದರೂ ಇರಬಹುದು ಎಂದು ಫೋನೇ ಹೇಳುತ್ತಿದೆ. ವೃತ್ತ ದೊಡ್ಡದಿದ್ದರೆ ಗುರುತು ನೆಚ್ಚಬೇಡಿ.

ವಾಟ್ಸ್ಆ್ಯಪ್‌ನಲ್ಲೂ ಲೊಕೇಶನ್ ಕಳಿಸುವಾಗ ಇಷ್ಟು ಮೀಟರ್ ನಿಖರ ಎಂದು ಸಣ್ಣ ಅಕ್ಷರದಲ್ಲಿ ಬರುತ್ತದೆ. ಮನೆಯೊಳಗೆ ಆರ್‌ಸಿಸಿ ಕೆಳಗೆ ಕೂತು ಕಳಿಸುವವರು ಆ ಅಂಕಿ ನೋಡುವುದೇ ಇಲ್ಲ. ಅಂಗಳಕ್ಕೆ ಬನ್ನಿ, ನೂರು ಇನ್ನೂರು ಎಂದು ತೋರಿಸುತ್ತಿದ್ದ ಅಂಕಿ ಹತ್ತರ ಆಸುಪಾಸಿಗೆ ಇಳಿಯುವವರೆಗೆ ಕಾಯಿರಿ, ಆಮೇಲೆ ಒತ್ತಿ. ಕೊರಿಯರ್ ಹುಡುಗ ಹಿಂದಿನ ಬೀದಿಯಲ್ಲಿ ನಿಂತು "ಅಣ್ಣಾ, ಎಲ್ಲಿದೀರಿ?" ಎಂದು ಮೂರು ಸಲ ಫೋನ್ ಮಾಡುವುದು ಎಷ್ಟೋ ಸಲ ಇದರಿಂದ ತಪ್ಪುತ್ತದೆ.

ದಾರಿ ಹೇಳುವವರು ಯಾರು?

ಮ್ಯಾಪಿನ ರಸ್ತೆಗಳು ಉಪಗ್ರಹ ಚಿತ್ರ, ಸರ್ಕಾರಿ ಮಾಹಿತಿ, ಬಳಕೆದಾರರು ಕಳಿಸಿದ ತಿದ್ದುಪಡಿ ಇವೆಲ್ಲ ಸೇರಿ ಆದವು. ಕೆಂಪು, ಹಸಿರು ಬಣ್ಣದಲ್ಲಿ ಕಾಣುವ ವಾಹನ ದಟ್ಟಣೆ ಅದೇ ರಸ್ತೆಯಲ್ಲಿ ಚಲಿಸುತ್ತಿರುವ ಬೇರೆಯವರ ಫೋನುಗಳ ವೇಗದಿಂದ ಬರುತ್ತದೆ. ದಾವಣಗೆರೆ ಪೇಟೆಯಲ್ಲಿ ಸಾವಿರಾರು ಫೋನು ಓಡಾಡುವುದರಿಂದ ಅಂದಾಜು ಸರಿ ಬರುತ್ತದೆ. ಸೊಕ್ಕೆಯಿಂದ ಹೊಸಕೆರೆಗೆ ಹೋಗುವ ಹೊತ್ತಿನಲ್ಲಿ ನಿಮ್ಮ ಮುಂದೆ ಒಂದು ವಾಹನವೂ ಇಲ್ಲದಿದ್ದರೆ ಮ್ಯಾಪಿಗೆ ಈ ಹೊತ್ತಿನ ಸುದ್ದಿ ಹೇಳುವವರು ಯಾರು? ಹಳೆಯ ಲೆಕ್ಕವನ್ನೇ ಮುಂದಿಟ್ಟು ಇಪ್ಪತ್ತು ನಿಮಿಷ ಅನ್ನುತ್ತದೆ. ರಸ್ತೆಯ ಮೇಲೆ ರಾಗಿ ಹರವಿ ಒಕ್ಕಣೆ ನಡೆದಿರುವುದು, ಅರ್ಧ ರಸ್ತೆಗೆ ಮೆಕ್ಕೆಜೋಳ ಒಣಗಲು ಹಾಕಿ ಅಂಚಿಗೆ ಕಲ್ಲು ಜೋಡಿಸಿರುವುದು, ತೇರಿನ ದಿನ ಊರ ನಡುವಿನ ದಾರಿ ಬಂದಾಗಿರುವುದು ಇವು ಯಾವುವೂ ಅದಕ್ಕೆ ಗೊತ್ತಿರುವುದಿಲ್ಲ. ಸುಗ್ಗಿಯ ದಿನಗಳಲ್ಲಿ ಕತ್ತಲಾದ ಮೇಲೆ ಬೈಕಿನಲ್ಲಿ ಹೋಗುವವರು ಈ ಕಲ್ಲುಗಳಿಗಾದರೂ ಹೆದರಬೇಕು.

ದಾವಣಗೆರೆ ಜಿಲ್ಲೆಯ ಚನ್ನಗಿರಿ, ಹೊನ್ನಾಳಿ, ನ್ಯಾಮತಿ, ಜಗಳೂರು ಈ ನಾಲ್ಕು ತಾಲ್ಲೂಕುಗಳಲ್ಲಿ ಮ್ಯಾಪು ಎಡವುವ ಜಾಗಗಳು ಕೆಲವಿವೆ. ಮೊದಲನೆಯದು ಚಾನಲ್ ಏರಿ. ಭದ್ರಾ ನಾಲೆ ಹರಿಯುವ ಚನ್ನಗಿರಿ, ಹೊನ್ನಾಳಿ ಸೀಮೆಯಲ್ಲಿ ನಾಲೆಯ ಪಕ್ಕದ ಮಣ್ಣಿನ ಏರಿ ಉಪಗ್ರಹ ಚಿತ್ರದಲ್ಲಿ ನೇರವಾದ ಅಂದದ ರಸ್ತೆಯ ಹಾಗೆ ಕಾಣುತ್ತದೆ. ನೇರ ಇರುವುದರಿಂದ ದೂರ ಕಡಿಮೆ, ದೂರ ಕಡಿಮೆ ಇರುವುದರಿಂದ ಮ್ಯಾಪಿಗೆ ಇಷ್ಟ. ಆದರೆ ಅದು ನೀರಾವರಿ ಇಲಾಖೆಯವರು ನಾಲೆ ನೋಡಿಕೊಳ್ಳಲು ಇರುವ ದಾರಿ. ಬಹಳ ಕಡೆ ತಡೆಗೋಡೆ ಇಲ್ಲ, ದೀಪ ಇಲ್ಲ, ಎದುರಿಗೆ ಟ್ರ್ಯಾಕ್ಟರ್ ಬಂದರೆ ಸರಿಯಲು ಜಾಗ ಇಲ್ಲ. ಮಳೆ ಬಿದ್ದರೆ ಎರೆಮಣ್ಣು ಜಾರುತ್ತದೆ, ಪಕ್ಕದಲ್ಲೇ ಆಳದ ನೀರು. ರಾತ್ರಿ ಹೊತ್ತು ಕಾರಿನಲ್ಲಿ ಚಾನಲ್ ಏರಿ ಹತ್ತಲೇಬೇಡಿ ಎಂದು ಖಡಾಖಂಡಿತವಾಗಿ ಹೇಳುತ್ತೇನೆ. ಹತ್ತು ನಿಮಿಷ ತಡವಾದರೆ ಆಗಲಿ, ಡಾಂಬರು ರಸ್ತೆಯಲ್ಲೇ ಹೋಗಿ.

ಎರಡನೆಯದು ಹೊಳೆ. ತುಂಗಭದ್ರೆ ಉಕ್ಕಿದಾಗ ಹೊನ್ನಾಳಿಯ ಬಾಲರಾಜ್ ಘಾಟ್ ಪ್ರದೇಶಕ್ಕೆ ನೀರು ನುಗ್ಗುವುದು, ಪಕ್ಕದ ಹರಿಹರ ತಾಲ್ಲೂಕಿನ ಉಕ್ಕಡಗಾತ್ರಿ ಮತ್ತು ಫತ್ತೇಪುರದ ನಡುವಿನ ರಸ್ತೆ ಮುಳುಗುವುದು ನಮಗೆ ಹೊಸ ಸುದ್ದಿಯಲ್ಲ. ಉಕ್ಕಡಗಾತ್ರಿಯ ಕರಿಬಸವೇಶ್ವರನ ದರ್ಶನಕ್ಕೆ ದೂರದ ಊರಿಂದ ಬರುವ ಭಕ್ತರಿಗೆ ಮಾತ್ರ ಹೊಸತು. ರಸ್ತೆ ಮುಳುಗಿದ್ದು ಮ್ಯಾಪಿಗೆ ತಿಳಿಯಬೇಕಾದರೆ ಯಾರಾದರೂ ತಿಳಿಸಬೇಕು. ಅಲ್ಲಿಯವರೆಗೆ "ಇನ್ನು 500 ಮೀಟರ್ ನಂತರ ನೇರವಾಗಿ ಮುಂದುವರಿಯಿರಿ" ಎಂದೇ ಅನ್ನುತ್ತಿರುತ್ತದೆ. ಉತ್ತರ ಪ್ರದೇಶದ ಬರೇಲಿ ಹತ್ತಿರ 2024ರ ನವೆಂಬರ್ 24ರಂದು ನಡೆದದ್ದು ಇಂಥದೇ. ರಾಮಗಂಗಾ ನದಿಯ ಸೇತುವೆಯ ಒಂದು ಭಾಗ ಹಿಂದಿನ ಪ್ರವಾಹದಲ್ಲಿ ಕೊಚ್ಚಿಹೋಗಿತ್ತು. ನಕ್ಷೆಯಲ್ಲಿ ಅದು ಬದಲಾಗಿರಲಿಲ್ಲ, ಸ್ಥಳದಲ್ಲಿ ತಡೆಯೂ ಇರಲಿಲ್ಲ. ಕಾರು ಕೆಳಗೆ ಬಿದ್ದು ಮೂವರು ತೀರಿಕೊಂಡರು. ತಪ್ಪು ನಕ್ಷೆಯದ್ದೋ, ಅಡ್ಡಗಟ್ಟೆ ಹಾಕದ ಇಲಾಖೆಯದ್ದೋ ಎಂಬ ಚರ್ಚೆ ಬೇಕಾದಷ್ಟಾಯಿತು. ನನ್ನ ಮಟ್ಟಿಗೆ ಇಲಾಖೆಯ ತಪ್ಪೇ ದೊಡ್ಡದು. ಆದರೆ ಸ್ಟೀರಿಂಗ್ ಹಿಡಿದವರು ಆ ತೀರ್ಮಾನಕ್ಕೆ ಕಾಯುತ್ತ ಕೂರಲಾಗದು. ಹರಿಯುವ ನೀರು ರಸ್ತೆಯ ಮೇಲೆ ಕಂಡರೆ ಇಳಿಯಬೇಡಿ, ಗಾಡಿ ಹಿಂದಕ್ಕೆ ತಿರುಗಿಸಿ.

ಕಾಡಿನ ದಾರಿಯದ್ದು ಇನ್ನೊಂದು ಬಗೆ. 2024ರ ಡಿಸೆಂಬರಿನಲ್ಲಿ ಗೋವಾಕ್ಕೆ ಹೊರಟಿದ್ದ ಬಿಹಾರ ಮೂಲದ ಕುಟುಂಬವೊಂದನ್ನು ಮ್ಯಾಪು ಬೆಳಗಾವಿ ಜಿಲ್ಲೆ ಖಾನಾಪುರ ತಾಲ್ಲೂಕಿನ ಭೀಮಗಡ ಕಾಡಿನೊಳಕ್ಕೆ ಕರೆದೊಯ್ದಿತು. ನೆಟ್‌ವರ್ಕ್ ಇಲ್ಲ, ಮುಂದೆ ದಾರಿ ಇಲ್ಲ. ರಾತ್ರಿಯೆಲ್ಲ ಕಾರಿನಲ್ಲೇ ಕಳೆದು, ನಾಲ್ಕು ಕಿಲೋಮೀಟರಿನಷ್ಟು ನಡೆದು ಸಿಗ್ನಲ್ ಸಿಕ್ಕ ಮೇಲೆ 112ಕ್ಕೆ ಕರೆ ಮಾಡಿದರು, ಪೊಲೀಸರು ಹುಡುಕಿ ಕರೆತಂದರು. ನಮ್ಮಲ್ಲಿ ಉಬ್ರಾಣಿ ಕಡೆಯ ಗುಡ್ಡ, ರಂಗಯ್ಯನದುರ್ಗದ ಕುರುಚಲು ಕಾಡು ಭೀಮಗಡದಷ್ಟು ದೊಡ್ಡವಲ್ಲ, ನಿಜ. ಆದರೂ ಡಾಂಬರು ಮುಗಿದು ಗಾಡಿ ಜಾಡು ಶುರುವಾದ ಕಡೆ ನಿಂತು ಯೋಚಿಸುವುದು ಒಳ್ಳೆಯದು.

ಇನ್ನು ಬಂಡಿದಾರಿ. ಸುರಹೊನ್ನೆಯಿಂದಲೋ ಸಂತೇಬೆನ್ನೂರಿನಿಂದಲೋ ಒಳಹಳ್ಳಿಗೆ ಹೊರಟ ಕಾರು ತೋಟದ ಬೇಲಿಯ ಮುಂದೆ ಬಂದು ನಿಂತಿದ್ದರೆ ಬಹುಪಾಲು ಕಾರಣ ಒಂದೇ: ಮ್ಯಾಪಿನಲ್ಲಿ ಬೈಕಿನ ಗುರುತು ಒತ್ತಿದ್ದು. ಭಾರತದ ಬಳಕೆದಾರರಿಗೆಂದು 2017ರ ಡಿಸೆಂಬರಿನಲ್ಲಿ ಗೂಗಲ್ ದ್ವಿಚಕ್ರ ವಾಹನದ ದಾರಿಯನ್ನು ಬೇರೆ ಕೊಟ್ಟಿತು. ಕಾರು ಹೋಗದ ಸಂದಿಗೊಂದಿಯೂ ಅದರಲ್ಲಿ ಸೇರುತ್ತದೆ. ದಿನಾ ಬೈಕಿಗೆ ಬಳಸುವ ಫೋನನ್ನೇ ಒಂದು ದಿನ ಕಾರಿನಲ್ಲಿಟ್ಟುಕೊಂಡರೆ ಹಳೆಯ ಆಯ್ಕೆಯೇ ಉಳಿದಿರುತ್ತದೆ. ಹೊರಡುವಾಗ ಮೇಲ್ಗಡೆ ಕಾರಿನ ಚಿತ್ರ ಇದೆಯೋ ಬೈಕಿನ ಚಿತ್ರ ಇದೆಯೋ ನೋಡಿಕೊಳ್ಳಿ. ಲಾರಿ, ಬಸ್ಸಿನವರಿಗಂತೂ ಮ್ಯಾಪಿನ ಕಾರಿನ ದಾರಿಯೂ ಸಾಲದು. ಸೇತುವೆಯ ಭಾರಮಿತಿ, ತಗ್ಗಿನಲ್ಲಿ ಹಾದ ವಿದ್ಯುತ್ ತಂತಿ ಅದರ ಲೆಕ್ಕಕ್ಕೆ ಬಂದಿರುವುದಿಲ್ಲ.

ಹೊರಡುವ ಮುನ್ನ

ಹೆಸರು ಹುಡುಕುವುದರಲ್ಲೇ ಅರ್ಧ ಎಡವಟ್ಟು ಆಗುವುದು. ಬಸವಾಪಟ್ಟಣ ಚನ್ನಗಿರಿ ತಾಲ್ಲೂಕಿನಲ್ಲೂ ಇದೆ, ಹಾಸನ ಜಿಲ್ಲೆಯ ಅರಕಲಗೂಡು ತಾಲ್ಲೂಕಿನಲ್ಲೂ ಇದೆ. ತಾವರೆಕೆರೆ ಎಂದು ಬರೆದರೆ ಮ್ಯಾಪು ಬೆಂಗಳೂರಿನ ತಾವರೆಕೆರೆಗೆ ಹೊರಡಿಸಿದರೂ ಆಶ್ಚರ್ಯವಿಲ್ಲ. ಹೊಸಹಳ್ಳಿ, ಗೊಲ್ಲರಹಟ್ಟಿ, ತಾಂಡಾಗಳ ಮಾತು ಬಿಡಿ, ಜಿಲ್ಲೆಗೆ ಎಷ್ಟೋ. ಊರಿನ ಜತೆ ತಾಲ್ಲೂಕು, ಸಾಧ್ಯವಾದರೆ ಪಿನ್‌ಕೋಡ್ ಸೇರಿಸಿ: ಚನ್ನಗಿರಿ 577213, ಹೊನ್ನಾಳಿ 577217, ನ್ಯಾಮತಿ 577223, ಜಗಳೂರು 577528.

ತಾಲ್ಲೂಕಿನ ಹೆಸರಿನಲ್ಲೂ ಒಂದು ತೊಡಕಿದೆ. ಚನ್ನಗಿರಿ, ಹೊನ್ನಾಳಿ 1997ರವರೆಗೆ ಶಿವಮೊಗ್ಗ ಜಿಲ್ಲೆಯಲ್ಲಿದ್ದವು, ಜಗಳೂರು ಚಿತ್ರದುರ್ಗದಲ್ಲಿತ್ತು. ನ್ಯಾಮತಿ ಹೊನ್ನಾಳಿಯಿಂದ ಬೇರೆಯಾಗಿ ತಾಲ್ಲೂಕಾದದ್ದು 2018ರಲ್ಲಿ. ಹಳೆಯ ದಾಖಲೆ, ಹಳೆಯ ಲೆಟರ್‌ಹೆಡ್, ಹಳೆಯ ಬೋರ್ಡಿನಲ್ಲಿ ಈಗಲೂ ಹಳೆಯ ವಿಳಾಸವೇ ಇರುತ್ತದೆ. ಬೆಳಗುತ್ತಿ, ಸವಳಂಗದಂಥ ಊರು ಹುಡುಕುವಾಗ ನ್ಯಾಮತಿ ಹಾಕಿ ಸಿಗದಿದ್ದರೆ ಹೊನ್ನಾಳಿ ಹಾಕಿ ನೋಡಿ. ಸೇವಾಲಾಲರ ಜನ್ಮಸ್ಥಳವಾದ ಸೂರಗೊಂಡನಕೊಪ್ಪಕ್ಕೂ, ಚನ್ನಗಿರಿ ಹತ್ತಿರ ಹೊದಿಗೆರೆಯಲ್ಲಿರುವ ಶಹಾಜಿ ಸಮಾಧಿಗೂ ಮಹಾರಾಷ್ಟ್ರದಿಂದ ಬರುವವರಿದ್ದಾರೆ. ಅವರಿಗೆ ಊರಿನ ಹೆಸರು ಹೇಳುವುದಕ್ಕಿಂತ ಲೊಕೇಶನ್ ಕಳಿಸುವುದು ವಾಸಿ.

ಹೆಸರೇ ಇಲ್ಲದ ಜಾಗಕ್ಕೆ, ಅಂದರೆ ತೋಟದ ಮನೆ, ಪಂಪ್‌ಸೆಟ್, ಕಣ ಇಂಥ ಕಡೆಗೆ ಜನರನ್ನು ಕರೆಸುವುದಿದ್ದರೆ ಮ್ಯಾಪಿನಲ್ಲಿ ಆ ಜಾಗದ ಮೇಲೆ ಬೆರಳು ಒತ್ತಿ ಹಿಡಿಯಿರಿ. ಕೆಂಪು ಪಿನ್ ಬೀಳುತ್ತದೆ, ಅದನ್ನು ಹಂಚಿಕೊಳ್ಳಿ. ಪಿನ್ ಎಲ್ಲಿ ಬಿದ್ದಿದೆ ಎಂದು ಉಪಗ್ರಹ ಚಿತ್ರಕ್ಕೆ ಬದಲಿಸಿ ಒಮ್ಮೆ ನೋಡಿಕೊಳ್ಳಿ. ನಿಮ್ಮ ಕೃಷಿಹೊಂಡ, ನಿಮ್ಮ ಶೀಟಿನ ಮನೆ ಅದರಲ್ಲಿ ಕಾಣುತ್ತದೆ. ಅಂಚೆ ಇಲಾಖೆ 2025ರ ಮೇ ತಿಂಗಳಲ್ಲಿ ಡಿಜಿಪಿನ್ ಎಂಬ ಹತ್ತು ಅಕ್ಷರಾಂಕಗಳ ವಿಳಾಸವನ್ನೂ ತಂದಿದೆ. ದೇಶವನ್ನು ಸುಮಾರು ನಾಲ್ಕು ಮೀಟರ್ ಉದ್ದಗಲದ ಚೌಕಗಳಾಗಿ ಹಂಚಿ ಪ್ರತಿ ಚೌಕಕ್ಕೂ ಒಂದು ಸಂಕೇತ ಕೊಟ್ಟಿದ್ದಾರೆ. ತೋಟದ ಮನೆಗೂ ಒಂದು ಇದೆ ಎಂದಾಯಿತು. ಬಳಕೆ ಹಬ್ಬಬೇಕು, ನೋಡೋಣ.

ದೂರ ಹೋಗುವುದಿದ್ದರೆ ಹಿಂದಿನ ರಾತ್ರಿ ಮನೆಯಲ್ಲೇ ನಕ್ಷೆ ಇಳಿಸಿಕೊಳ್ಳಿ. ಗೂಗಲ್ ಮ್ಯಾಪಿನಲ್ಲಿ ನಿಮ್ಮ ಫೋಟೊ ಒತ್ತಿದರೆ ಆಫ್‌ಲೈನ್ ಮ್ಯಾಪ್ಸ್ ಎಂಬ ಆಯ್ಕೆ ಬರುತ್ತದೆ. ಅಲ್ಲಿ ಕಾಣುವ ಚೌಕವನ್ನು ದಾವಣಗೆರೆ ಜಿಲ್ಲೆ ಪೂರಾ ಒಳಗೆ ಬರುವಂತೆ ಹಿಗ್ಗಿಸಿ ಡೌನ್‌ಲೋಡ್ ಒತ್ತಿದರೆ ಸಾಕು. ಮುಂದೆ ನೆಟ್ ಇಲ್ಲದಿದ್ದರೂ ಕಾರಿನ ದಾರಿ ತೋರಿಸುತ್ತದೆ. ವಾಹನ ದಟ್ಟಣೆ ಮಾತ್ರ ತಿಳಿಯುವುದಿಲ್ಲ. ಹೀಗೆ ಇಳಿಸಿದ ನಕ್ಷೆಗೆ ಅವಧಿ ಇರುತ್ತದೆ, ಆಗಾಗ ಹೊಸದು ಮಾಡಿಕೊಳ್ಳಬೇಕು. ಇಳಿಸಿದ ಮೇಲೆ ದಾರಿಯನ್ನು ದೊಡ್ಡದು ಮಾಡಿ ಒಮ್ಮೆ ಕಣ್ಣಾಡಿಸಿ. ಹೊಳೆ ಎಲ್ಲಿ ದಾಟುತ್ತದೆ, ನಾಲೆಗೆ ಅಂಟಿಕೊಂಡು ಎಲ್ಲಿ ಹೋಗುತ್ತದೆ, ಕಾಡಿನ ಹಸಿರು ಎಲ್ಲಿ ಬರುತ್ತದೆ, ಈ ಮೂರು ಗೊತ್ತಿದ್ದರೆ ಎಲ್ಲಿ ಇಳಿದು ಕೇಳಬೇಕು ಎಂಬುದೂ ಗೊತ್ತಾಗುತ್ತದೆ.

ಕೇಳುವುದಕ್ಕೂ ಒಂದು ಕ್ರಮವಿದೆ. "ಇದು ಹೊನ್ನಾಳಿ ದಾರಿಯಾ?" ಎಂದರೆ ಹೌದು ಅನ್ನುತ್ತಾರೆ, ಕಾಲುದಾರಿಯೂ ಹೊನ್ನಾಳಿಗೆ ಹೋಗುತ್ತದಲ್ಲ. "ಅಣ್ಣಾ, ಇದ್ರಾಗೆ ಕಾರ್ ಹೋಗ್ತತಾ? ಬಸ್ ಯಾವ್ ದಾರಿ ಹಿಡಿತತಿ?" ಎಂದು ಕೇಳಿ. ಬಸ್ಸು ಹೋಗುವ ದಾರಿ ಯಾವ ಮ್ಯಾಪಿಗಿಂತಲೂ ಭದ್ರ.

ದನಿಯಲ್ಲಿ ದಾರಿ ಹೇಳುವ ಸೌಲಭ್ಯ ಕನ್ನಡದಲ್ಲೂ ಇದೆ, ಮ್ಯಾಪಿನ ಸೆಟ್ಟಿಂಗ್ಸ್‌ನಲ್ಲಿ ದನಿಯ ಭಾಷೆ ಬದಲಿಸಿದರಾಯಿತು. ಕನ್ನಡ ಗ್ರಾಂಥಿಕವಾಗಿ, ಸ್ವಲ್ಪ ಗಡುಸಾಗಿ ಕೇಳಿಸಿದರೂ ಪರದೆ ನೋಡುವ ಗೊಡವೆ ತಪ್ಪುತ್ತದೆ. ಮೋಟಾರು ವಾಹನ ನಿಯಮಗಳಿಗೆ 2020ರ ಅಕ್ಟೋಬರ್ 1ರಿಂದ ಜಾರಿಗೆ ಬಂದ ತಿದ್ದುಪಡಿಯ ಪ್ರಕಾರ ಚಾಲನೆಯಲ್ಲಿ ಫೋನನ್ನು ದಾರಿ ನೋಡಲು ಮಾತ್ರ, ಅದೂ ಏಕಾಗ್ರತೆಗೆ ಭಂಗ ಬಾರದಂತೆ ಬಳಸಬಹುದು. ಸ್ಟ್ಯಾಂಡಿಗೆ ಸಿಕ್ಕಿಸಿದ ಫೋನಿಗೆ ಅಡ್ಡಿಯಿಲ್ಲ. ಒಂದು ಕೈಯಲ್ಲಿ ಹ್ಯಾಂಡಲ್, ಇನ್ನೊಂದರಲ್ಲಿ ಮ್ಯಾಪು ಹಿಡಿದು ಬೈಕ್ ಓಡಿಸಿದರೆ ದಂಡ ಕಟ್ಟಬೇಕಾಗುತ್ತದೆ.

ಬದುವಿನ ಮೇಲೆ ನಿಂತು

ನಮ್ಮ ರೈತರು ದಾರಿಗಿಂತ ಹೆಚ್ಚಾಗಿ ಲೊಕೇಶನ್ ಬಳಸುತ್ತಿರುವುದು ಜಮೀನಿಗೆ. ಕಂದಾಯ ಇಲಾಖೆಯ ದಿಶಾಂಕ್ ಆ್ಯಪ್ 2018ರಲ್ಲಿ ಬಂತು. ನಿಂತ ಜಾಗದ ಸರ್ವೆ ನಂಬರ್ ಯಾವುದು ಎಂದು ಅದು ತೋರಿಸುತ್ತದೆ. ಗ್ರಾಮ ನಕ್ಷೆಗಳನ್ನು ಕಂಪ್ಯೂಟರಿಗೆ ಇಳಿಸಿ ಉಪಗ್ರಹ ಚಿತ್ರದ ಮೇಲೆ ಕೂರಿಸಿರುವುದರಿಂದ ಕೆರೆ, ಗೋಮಾಳ, ನಕಾಶೆ ದಾರಿಗಳೂ ಅದರಲ್ಲಿ ಸಿಗುತ್ತವೆ. ಜಮೀನು ಕೊಳ್ಳುವವರಿಗೆ ಇದು ದೊಡ್ಡ ಅನುಕೂಲ. ತೋರಿಸಿದ ಹೊಲವೇ ಒಂದು, ಪಹಣಿ ಇನ್ನೊಂದರದ್ದು ಎಂಬ ಮೋಸ ಅಲ್ಲೇ ಬಯಲಾಗುತ್ತದೆ.

ಆದರೆ ದಿಶಾಂಕ್ ಹಿಡಿದುಕೊಂಡು ಬದುವಿನ ಜಗಳಕ್ಕೆ ಹೋಗುವವರು ಹೆಚ್ಚುತ್ತಿದ್ದಾರೆ. "ಫೋನ್‌ನಾಗೆ ನಿನ್ನ ಬದು ನನ್ನ ಹೊಲ್ದಾಗ ಐತಿ ನೋಡು" ಎಂಬ ವಾದ. ಇಲ್ಲಿ ಲೆಕ್ಕ ಸರಳವಾಗಿದೆ. ನಿಮ್ಮ ಫೋನಿನ ಗುರುತೇ ಐದು ಮೀಟರ್ ಆಚೀಚೆ. ಅದರ ಅಡಿಯಲ್ಲಿ ಕೂರಿಸಿದ ಹಳೆಯ ನಕ್ಷೆಯೂ ಒಂದಿಷ್ಟು ಸರಿದಿರಬಹುದು. ಎರಡೂ ಸೇರಿದರೆ ಬದು ಅತ್ತಲೋ ಇತ್ತಲೋ ಹತ್ತು ಮೀಟರ್ ಜರುಗಿದಂತೆ ಕಂಡರೆ ಅದರಲ್ಲಿ ವಿಶೇಷವೇನೂ ಇಲ್ಲ. ಹೊಲದ ಅಗಲವೇ ಮೂವತ್ತು ಮೀಟರ್ ಇದ್ದವರಿಗೆ ಇದು ಎಂಥ ಅನಾಹುತ ಎಂದು ಬೇರೆ ಹೇಳಬೇಕಿಲ್ಲ. ಯಾವ ನಂಬರ್ ಎಲ್ಲಿದೆ ಎಂದು ತಿಳಿಯಲು ದಿಶಾಂಕ್ ಸಾಕು, ಗಡಿ ಎಲ್ಲಿ ಎಂದು ತೀರ್ಮಾನಿಸಲು ಸಾಲದು. ಅದಕ್ಕೆ ಅರ್ಜಿ ಹಾಕಿ ಹದ್ದುಬಸ್ತು ಮಾಡಿಸಬೇಕು. ಅಕ್ಕಪಕ್ಕದವರಿಗೆ ನೋಟಿಸ್ ಕೊಟ್ಟು, ಸರ್ವೆಯರ್ ಬಂದು ಅಳತೆ ಮಾಡಿ ಬಾಂದು ಕಲ್ಲು ಗುರುತಿಸಬೇಕು. ಫೋನ್ ನೋಡಿ ಬಾಂದು ಕಲ್ಲು ಕಿತ್ತರೆ ಕೋರ್ಟು ಅಲೆಯುವುದು ಖಂಡಿತ.

ಬೆಳೆ ಸಮೀಕ್ಷೆಗೆ ಫೋಟೊ ತೆಗೆಯುವಾಗಲೂ ಇದೇ ಕಾರಣಕ್ಕೆ ತಕರಾರು ಬರುತ್ತದೆ. ಬದುವಿನ ಮೇಲೋ ಬೇವಿನ ಮರದ ನೆರಳಲ್ಲೋ ನಿಂತರೆ ನೀವು ಜಮೀನಿನ ಹೊರಗಿದ್ದೀರಿ ಎಂದು ಆ್ಯಪ್ ಹಟ ಹಿಡಿಯಬಹುದು. ಹೊಲದ ನಡುವೆ, ಆಕಾಶ ಕಾಣುವ ಕಡೆ ನಿಂತು ಒಂದೆರಡು ನಿಮಿಷ ಕಾಯಿರಿ. ಅಡಿಕೆ ತೋಟದಲ್ಲಾದರೆ ಸೋಗೆ ತೆರೆದಿರುವ ಜಾಗ ಹುಡುಕಿ. ನೆಟ್ ಸಿಗದ ಹೊಲವಾದರೆ ಮಾಹಿತಿಯನ್ನು ಊರಲ್ಲೇ ಇಳಿಸಿಕೊಂಡು ಹೋಗಿ, ಫೋಟೊ ತೆಗೆದು, ವಾಪಸ್ ಬಂದು ಅಪ್‌ಲೋಡ್ ಮಾಡಬಹುದು.

ಆಪತ್ತಿನ ಹೊತ್ತಿನಲ್ಲಿ

ಪೊಲೀಸ್, ಅಗ್ನಿಶಾಮಕ, ಆಂಬ್ಯುಲೆನ್ಸ್ ಎಲ್ಲಕ್ಕೂ 112. ಆಂಬ್ಯುಲೆನ್ಸ್‌ಗೆ 108 ಸಹ ಇದೆ. ನಿಮ್ಮ ಕಂಪನಿಯ ಸಿಗ್ನಲ್ ಇಲ್ಲದ ಜಾಗದಲ್ಲೂ ಬೇರೆ ಕಂಪನಿಯ ಟವರ್ ಸಿಕ್ಕರೆ 112ಕ್ಕೆ ಕರೆ ಹೋಗುವ ಸಾಧ್ಯತೆ ಇದೆ, ಪ್ರಯತ್ನಿಸದೆ ಬಿಡಬೇಡಿ. ಹಲವು ಆಂಡ್ರಾಯ್ಡ್ ಫೋನುಗಳಲ್ಲಿ ಪವರ್ ಬಟನ್ ಅನ್ನು ಬೇಗ ಬೇಗ ಐದು ಸಲ ಒತ್ತಿದರೆ ತುರ್ತು ಕರೆಯ ಪರದೆ ತೆರೆಯುತ್ತದೆ. ನಿಮ್ಮ ಫೋನಿನಲ್ಲಿ ಇದೆಯೇ ಎಂದು ಸೆಟ್ಟಿಂಗ್ಸ್‌ನಲ್ಲಿ ಈಗಲೇ ನೋಡಿಟ್ಟುಕೊಳ್ಳಿ.

ಕರೆ ಮಾಡಿ "ಇಲ್ಲೇ ರೋಡ್ ಪಕ್ಕ ಬಿದ್ದಾರೆ, ಬೇಗ ಬನ್ರಿ" ಎಂದರೆ ಬರುವವರು ಎಲ್ಲಿಗೆ ಬರಬೇಕು? ಮ್ಯಾಪಿನ ನೀಲಿ ಚುಕ್ಕಿಯ ಮೇಲೆ ಬೆರಳು ಒತ್ತಿ ಹಿಡಿದರೆ ಎರಡು ಸಂಖ್ಯೆಗಳು ಬರುತ್ತವೆ. ಮೊದಲನೆಯದು ಅಕ್ಷಾಂಶ, ಎರಡನೆಯದು ರೇಖಾಂಶ. ನಮ್ಮ ನಾಲ್ಕು ತಾಲ್ಲೂಕುಗಳಲ್ಲಿ ಮೊದಲ ಸಂಖ್ಯೆ 14ರ ಆಸುಪಾಸಿನಲ್ಲೂ ಎರಡನೆಯದು 75 ಅಥವಾ 76ರಲ್ಲೂ ಶುರುವಾಗುತ್ತದೆ. ಬೇರೆ ಬಂದರೆ ಎಲ್ಲೋ ತಪ್ಪಾಗಿದೆ ಎಂದು ತಿಳಿಯಿರಿ. ಚುಕ್ಕಿಯ ನಂತರ ನಾಲ್ಕು ಅಂಕಿಯವರೆಗೆ ಓದಿ ಹೇಳಿ, ನಾಲ್ಕನೆಯ ಅಂಕಿಗೆ ನೆಲದ ಮೇಲೆ ಸುಮಾರು ಹನ್ನೊಂದು ಮೀಟರ್. ಎರಡೇ ಅಂಕಿ ಹೇಳಿ ನಿಲ್ಲಿಸಿದರೆ ಒಂದು ಕಿಲೋಮೀಟರ್ ವ್ಯತ್ಯಾಸವಾಗಬಹುದು. ಇದರ ಜತೆಗೇ ಹತ್ತಿರದ ಊರ ಗೇಟು, ಕಿಲೋಮೀಟರ್ ಕಲ್ಲು, ಚಾನಲ್ ಸೇತುವೆ, ಪೆಟ್ರೋಲ್ ಬಂಕು ಯಾವುದಾದರೂ ಒಂದನ್ನು ಹೇಳಿ. ಆಂಬ್ಯುಲೆನ್ಸ್ ಓಡಿಸುವವರು ಈ ಭಾಗದವರೇ ಆಗಿದ್ದರೆ ಸಂಖ್ಯೆಗಿಂತ ಬೇಗ ಗೇಟಿನ ಹೆಸರು ತಲೆಗೆ ಹೋಗುತ್ತದೆ.

ನಿಮ್ಮ ಗುರುತು ಯಾರ ಕೈಯಲ್ಲಿ?

ವಾಟ್ಸ್ಆ್ಯಪ್‌ನ ಲೈವ್ ಲೊಕೇಶನ್ 15 ನಿಮಿಷ, 1 ಗಂಟೆ, 8 ಗಂಟೆ ಎಂಬ ಅವಧಿಗೆ ಸಿಗುತ್ತದೆ. ದಾವಣಗೆರೆ ಕಾಲೇಜಿನಿಂದ ಸಂಜೆ ಬಸ್ಸಿಗೆ ಜಗಳೂರಿಗೆ ಮರಳುವ ಮಗಳು ಇದನ್ನು ಮನೆಗೆ ಹಾಕಿದರೆ ಅಮ್ಮನಿಗೂ ನೆಮ್ಮದಿ. ಅದನ್ನೇ ಮದುವೆ ಗುಂಪಿಗೆ, ಹಳೆ ವಿದ್ಯಾರ್ಥಿಗಳ ಗುಂಪಿಗೆ ಎಂಟು ಗಂಟೆ ಹಾಕಿಟ್ಟರೆ ಮನೆಗೆ ಬೀಗ ಹಾಕಿದೆ ಎಂದು ಡಂಗುರ ಸಾರಿದಂತೆ. ಒಬ್ಬರಿಗೆ, ಬೇಕಾದಷ್ಟು ಹೊತ್ತಿಗೆ ಕಳಿಸಿ, ತಲುಪಿದ ಮೇಲೆ ನಿಲ್ಲಿಸಿ.

ಟಾರ್ಚ್, ಪಂಚಾಂಗ, ಆಟ, ಸಾಲ ಕೊಡುವ ಆ್ಯಪ್ ಎಲ್ಲವೂ ಲೊಕೇಶನ್ ಕೇಳುತ್ತವೆ. ಪಂಚಾಂಗಕ್ಕೆ ಸೂರ್ಯೋದಯದ ಲೆಕ್ಕಕ್ಕೆ ಊರು ಬೇಕು, ಒಪ್ಪಿಕೊಳ್ಳೋಣ. ಟಾರ್ಚಿಗೆ ಯಾಕೆ? ಸೆಟ್ಟಿಂಗ್ಸ್‌ನ ಲೊಕೇಶನ್ ವಿಭಾಗಕ್ಕೆ ಹೋದರೆ ಯಾರು ಯಾರಿಗೆ ಅನುಮತಿ ಇದೆ ಎಂಬ ಪಟ್ಟಿ ಸಿಗುತ್ತದೆ. ಮ್ಯಾಪಿನಂಥವಕ್ಕೆ "ಬಳಸುವಾಗ ಮಾತ್ರ" ಎಂದಿಡಿ, ಉಳಿದವಕ್ಕೆ ತೆಗೆಯಿರಿ. ಬ್ಯಾಟರಿಯೂ ಉಳಿಯುತ್ತದೆ.

ಮದುವೆ ಕರೆಯೋಲೆಯ ಹೆಸರಲ್ಲಿ ವಾಟ್ಸ್ಆ್ಯಪ್‌ಗೆ ಎಪಿಕೆ ಕಡತ ಕಳಿಸಿ ಬ್ಯಾಂಕ್ ಖಾತೆಗೆ ಕನ್ನ ಹಾಕುವ ವಂಚನೆ ನಡೆಯುತ್ತಿದೆ. ನಿಜವಾದ ಲೊಕೇಶನ್ ಒತ್ತಿದರೆ ಮ್ಯಾಪು ತೆರೆಯುತ್ತದೆ, ಏನನ್ನೂ ಇನ್‌ಸ್ಟಾಲ್ ಮಾಡಿಸುವುದಿಲ್ಲ. ಕಡತದ ಹೆಸರಿನ ಕೊನೆಯಲ್ಲಿ ಎಪಿಕೆ ಎಂದಿದ್ದರೆ ಸೋದರಮಾವನ ನಂಬರಿನಿಂದ ಬಂದಿದ್ದರೂ ಮುಟ್ಟಬೇಡಿ, ಮಾವನಿಗೇ ಫೋನ್ ಮಾಡಿ ಕೇಳಿ.

ಸಂತೆಯಲ್ಲೋ ಜಾತ್ರೆಯಲ್ಲೋ ಫೋನ್ ಕಳೆದರೆ ಮೊದಲು ಬೇರೆ ಫೋನಿನಿಂದ ಗೂಗಲ್‌ನ ಫೋನ್ ಹುಡುಕುವ ಸೌಲಭ್ಯ ತೆರೆದು ನೋಡಿ. ನಂತರ ಪೊಲೀಸರಿಗೆ ದೂರು ಕೊಟ್ಟು, ಸಂಚಾರ್ ಸಾಥಿ ಜಾಲತಾಣದ ಸಿಇಐಆರ್ ವಿಭಾಗದಲ್ಲಿ ಫೋನನ್ನು ಬ್ಲಾಕ್ ಮಾಡಿಸಿ. 2023ರ ಮೇ ತಿಂಗಳಿಂದ ಇದು ದೇಶವಿಡೀ ಇದೆ. ಐಎಂಇಐ ಸಂಖ್ಯೆ ಬೇಕಾಗುತ್ತದೆ. *#06# ಒತ್ತಿದರೆ ಪರದೆಯ ಮೇಲೆ ಬರುತ್ತದೆ, ಇವತ್ತೇ ಬರೆದಿಟ್ಟುಕೊಳ್ಳಿ. ಫೋನ್ ತೋರಿಸಿದ ಜಾಗಕ್ಕೆ ನೀವೇ ನುಗ್ಗಿ ಯಾರ ಮನೆ ಬಾಗಿಲನ್ನೂ ತಟ್ಟಬೇಡಿ. ಐದು ಹತ್ತು ಮೀಟರಿನ ವ್ಯತ್ಯಾಸದಲ್ಲಿ ನಮ್ಮ ಊರುಗಳಲ್ಲಿ ಮೂರು ಮನೆ ಇರುತ್ತವೆ.

ನಿಮ್ಮ ಊರನ್ನು ನೀವೇ ತಿದ್ದಿ

ಮ್ಯಾಪಿನ ತಪ್ಪಿಗೆ ಮ್ಯಾಪನ್ನೇ ಬೈಯುತ್ತ ಕೂತರೆ ಅದು ಹಾಗೇ ಉಳಿಯುತ್ತದೆ. ಬೆಂಗಳೂರಿನಲ್ಲಿ ಕೂತ ಯಾರಿಗೂ ನಿಮ್ಮ ಊರಿನ ಹಳ್ಳದ ಸೇತುವೆ ಕುಸಿದದ್ದು ತಿಳಿಯುವುದಿಲ್ಲ. ಗೂಗಲ್ ಮ್ಯಾಪಿನಲ್ಲಿ ತಿದ್ದುಪಡಿ ಸೂಚಿಸುವ ಆಯ್ಕೆ ಇದೆ. ರಸ್ತೆ ಮುಚ್ಚಿದೆ, ರಸ್ತೆಯೇ ಇಲ್ಲ, ಹೆಸರು ತಪ್ಪಾಗಿದೆ ಎಂದು ಯಾರು ಬೇಕಾದರೂ ಕಳಿಸಬಹುದು, ಜತೆಗೆ ಒಂದು ಫೋಟೊ ಹಾಕಿದರೆ ಬೇಗ ಒಪ್ಪುತ್ತಾರೆ. ಎಲ್ಲರಿಗೂ ಮುಕ್ತವಾದ ಓಪನ್‌ಸ್ಟ್ರೀಟ್‌ಮ್ಯಾಪ್‌ನಲ್ಲಿ ನೀವೇ ನೇರವಾಗಿ ಗೆರೆ ಎಳೆದು ಹೆಸರು ಬರೆಯಬಹುದು. ಊರಿನ ಕಾಲೇಜು ಹುಡುಗರು ಒಂದು ಭಾನುವಾರ ಕೂತರೆ ಒಂದು ಪಂಚಾಯ್ತಿಯ ಕೆಲಸ ಮುಗಿಯುತ್ತದೆ. ಕನ್ನಡದ ಹೆಸರುಗಳನ್ನು ಇಂಗ್ಲಿಷಿನಿಂದ ಯಂತ್ರವೇ ತಿರುಗಿಸಿ ಬರೆದಿರುವ ಕಡೆ ಊರಿನ ಹೆಸರನ್ನು ನೋಡಿದರೆ ಊರಿನವರಿಗೇ ಗುರುತು ಸಿಗದಂತಾಗಿರುತ್ತದೆ. ಅದನ್ನು ತಿದ್ದಲು ಅಲ್ಲಿಯವರೇ ಬೇಕು.

ಮಳೆಗಾಲ ಶುರುವಾಗುವ ಮುನ್ನ ಎಲ್ಲರೂ ಈ ಒಂದು ಕೆಲಸ ಮಾಡಿ. ಮ್ಯಾಪು ತೆರೆದು ನಿಮ್ಮ ಊರಿನ ಪ್ರಾಥಮಿಕ ಆರೋಗ್ಯ ಕೇಂದ್ರ ಸರಿಯಾದ ಜಾಗದಲ್ಲಿದೆಯೇ, ನೀರು ಬಂದರೆ ಮುಳುಗುವ ರಸ್ತೆಯನ್ನು ಅದು ಎಲ್ಲ ಕಾಲಕ್ಕೂ ಓಡಾಡುವ ದಾರಿ ಎಂದು ತೋರಿಸುತ್ತಿದೆಯೇ ನೋಡಿ. ತಪ್ಪಿದ್ದರೆ ಅಲ್ಲೇ ವರದಿ ಮಾಡಿ. ರಸ್ತೆ ಮುಳುಗುವ ಕಡೆ ಎಚ್ಚರಿಕೆ ಫಲಕ ಇಲ್ಲದಿದ್ದರೆ ಪಂಚಾಯ್ತಿಗೂ ಲೋಕೋಪಯೋಗಿ ಇಲಾಖೆಗೂ ಒಂದು ಅರ್ಜಿ ಬರೆಯಿರಿ.